ತಮ್ಮನ ಫೋರ್ ಬೈ ಫೋರ್

ಎದೆ ಧಸಕ್ಕೆನ್ನಿಸೋ ಪ್ರಸಂಗಗಳಿಗೆ ನಮ್ಮ ಮನೆಯಲ್ಲಿ ಯಾವತ್ತೂ ಬರ ಇರಲಿಲ್ಲ. ಮೊದಲೆಲ್ಲ ಅವೇ ನಮ್ಮನ್ನು ಹುಡುಕಿಕೊಂಡು ಬರುತ್ತಿದ್ದವು. ನನ್ನ ತಮ್ಮ ಜೀಪು ತಂದ ಮೇಲೆ ನಾವೇ ಅದರಲ್ಲಿ ಹತ್ತಿ ಕೂತು ಅವುಗಳ ಹತ್ತಿರ ಹೋಗತೊಡಗಿದೆವು.

ಕೆ.ಆರ್. ಪುರಂ ಪಕ್ಕದ ಹಳೇ ಊರು ನಮ್ಮದು. ತಾತ ರಾಗಿ ಬೆಳೆದ ಹೊಲದಲ್ಲಿ ಈಗ ಬಾಡಿಗೆ ಮನೆಗಳಿವೆ. ಬೆಟ್ಟ, ಮರಳು, ಕೆಸರು ಯಾವುದಕ್ಕೂ ಹೆದರದ ಫೋರ್ ಬೈ ಫೋರ್ ಗಾಡಿ ಅಂತ ತಮ್ಮ ಬೀದಿಗೆಲ್ಲ ಹೇಳಿದ್ದ. ಅದು ದಿನಾ ಹೋಗುತ್ತಿದ್ದುದು ಮಾತ್ರ ಇಂದಿರಾನಗರದ ಅವನ ಆಫೀಸಿಗೆ, ಟ್ರಾಫಿಕ್ಕಿನಲ್ಲಿ, ಫಸ್ಟ್ ಗೇರಿನಲ್ಲಿ.

ಕಮಾನು

ತಿಂಗಳು ತುಂಬುವ ಮೊದಲೇ "ಈ ಟೈರು ಸಪ್ಪೆ ಕಣಕ್ಕ" ಅಂದ. ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ, ಕಾಂಪೌಂಡಿನೊಳಗೆ ನಿಲ್ಲಿಸಿಕೊಂಡು ದೊಡ್ಡ ದೊಡ್ಡ ಟೈರು ಹಾಕಿಸಿದ.

ಮಾರನೇ ಬೆಳಿಗ್ಗೆ ಹಾಲು ತರಲು ಗಾಡಿ ತೆಗೆದ. ಗೇಟಿನ ಹತ್ತಿರ "ಕರ್ರ್" ಅಂತ ಶಬ್ದ. ಅಮ್ಮ ಮನೆ ಬಿತ್ತು ಅಂದ್ಕೊಂಡು ಸೌಟು ಹಿಡಿದೇ ಓಡಿ ಬಂದರು. ನೋಡಿದರೆ, ಗೇಟಿನ ಮೇಲೆ ಅಪ್ಪ ಆಸೆಪಟ್ಟು ಕಟ್ಟಿಸಿದ್ದ ಸಿಮೆಂಟಿನ ಕಮಾನಿಗೆ ಜೀಪಿನ ತಲೆ ತಗುಲಿಕೊಂಡಿದೆ. ಟೈರು ದೊಡ್ಡದಾದದ್ದಕ್ಕೆ ಗಾಡಿ ನಾಲ್ಕು ಬೆರಳು ಎತ್ತರವಾಗಿತ್ತು.

"ಅಪ್ಪ, ಕಮಾನು ಒಂದ್ ನಾಲ್ಕು ಬೆರಳು ಒಡೆದ್ರೆ ಸಾಕು" ಅಂದ ತಮ್ಮ.

"ಕಮಾನು ಮುಟ್ಟು ನೋಡೋಣ. ನಿನ್ನ ಗಾಡೀದೇ ನಾಲ್ಕು ಬೆರಳು ಒಡಿ!" ಅಂದರು ಅಪ್ಪ.

ಕೊನೆಗೆ ನಾಲ್ಕೂ ಟೈರಿನ ಗಾಳಿ ಇಳಿಸಿ, ತೆವಳಿಸಿಕೊಂಡು ಹೊರಗೆ ತಂದ. ಮರುಭೂಮಿ ದಾಟುವಾಗ ಹೀಗೆ ಗಾಳಿ ಇಳಿಸುತ್ತಾರಂತೆ. ನನ್ನ ತಮ್ಮ ಇಳಿಸಿದ್ದು ಅರ್ಧ ಲೀಟರ್ ಹಾಲಿಗೆ.

ಅಜ್ಜಿಯ ಕಣ್ಣು

ಅಜ್ಜಿಗೆ ಕಣ್ಣು ಮಂಜಾಗಿತ್ತು. ಹಲಸೂರಿನಲ್ಲಿ ಒಳ್ಳೇ ಡಾಕ್ಟರಿದ್ದಾರೆ ಅಂದರು. ಆಟೋ ಕರೀತೀನಿ ಅಂದರೆ ತಮ್ಮ ಕೇಳಲಿಲ್ಲ. ಗೇಟಿನ ಹೊರಗೆ ಬೀದಿಗೆ ಅಂಟಿಕೊಂಡ ನಮ್ಮ ಜಗಲಿ ಎತ್ತರ. ಜೀಪನ್ನು ಅದಕ್ಕೆ ಒತ್ತಿ ನಿಲ್ಲಿಸಿದ, ಅಜ್ಜಿ ಆರಾಮಾಗಿ ಒಳಗೆ ಕಾಲಿಟ್ಟು ಮಹಾರಾಣಿ ಹಾಗೆ ಕೂತರು.

ಹಲಸೂರಿನ ಆ ಕ್ಲಿನಿಕ್ ಮುಂದೆ ಜಗಲಿ ಎಲ್ಲಿಂದ ಬರಬೇಕು? ಅಜ್ಜಿ ಬಾಗಿಲು ತೆಗೆದು ಕೆಳಗೆ ನೋಡಿ, "ಅಯ್ಯಪ್ಪಾ, ಬಾವಿ!" ಅಂತ ಮತ್ತೆ ಬಾಗಿಲು ಹಾಕಿಕೊಂಡರು. ತಮ್ಮ ಎತ್ತಿ ಇಳಿಸಲು ಹೋದರೆ, "ಬೀದಿಯಲ್ಲಿ ನನ್ನ ಮೂಟೆ ಥರಾ ಎತ್ತೀಯೇನೋ?" ಅಂತ ಕೈಗೆ ಒಂದು ಬಿಟ್ಟರು. ಹಿಂದೆ ವಾಹನಗಳ ಹಾರ್ನು. ನನಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು.

ಗಲಾಟೆ ಕೇಳಿ ಒಳಗಿಂದ ನರ್ಸಮ್ಮ ಬಂದರು. ತುದಿಗಾಲಲ್ಲಿ ನಿಂತು, "ಅಜ್ಜಿ, ದೂರದ್ದು ಕಾಣ್ಸಲ್ವಾ?" ಅಂತ ಕೇಳಿದರು.

ಅಜ್ಜಿ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಮನೇಲಿ ಕಾಣ್ಸಲ್ಲ ಕಣಮ್ಮ. ಇಲ್ಲಿಂದ ನಿಮ್ಮ ಹಲಸೂರು ಕೆರೆ ಪೂರ್ತಿ ಕಾಣ್ತಿದೆ" ಅಂದರು.

ಕೊಕ್ಕೆ

ಜೀಪಿನ ಮುಂದೆ ಎರಡು ಕೆಂಪು ಕೊಕ್ಕೆಗಳಿವೆ. ಕೆಸರಲ್ಲಿ ಸಿಕ್ಕಿಕೊಂಡ ಗಾಡಿಗಳನ್ನು ಎಳೆಯಲು ಅಂತೆ. ತಮ್ಮ ಅವನ್ನು ದಿನಾ ಬಟ್ಟೆಯಲ್ಲಿ ಒರೆಸುತ್ತಿದ್ದ.

ಒಂದು ಭಾನುವಾರ ರಸೆಲ್ ಮಾರುಕಟ್ಟೆಗೆ ಹೋದೆವು. ಗಾಡಿ ನಿಲ್ಲಿಸಿ, ಹೂವು ಹಣ್ಣು ತಗೊಂಡು ವಾಪಸ್ ಬಂದರೆ ಒಂದೊಂದು ಕೊಕ್ಕೆಗೆ ಒಂದೊಂದು ಕುರಿ ಕಟ್ಟಿದೆ! ತಮ್ಮ ಹಣ್ಣಿನ ಚೀಲ ನನ್ನ ಕೈಗೆ ತುರುಕಿ ಮುಂದೆ ನುಗ್ಗಿದ. ಕುರಿಯವರು ಪಕ್ಕದಲ್ಲೇ ನಿಂತು ಚಹಾ ಕುಡಿಯುತ್ತಿದ್ದರು.

"ಭಾಯ್, ಏನಿದು? ಬಿಚ್ಚಿ ಮೊದ್ಲು!"

"ಒಂದು ನಿಮಿಷ ಅಣ್ಣಾ, ಗಿರಾಕಿ ಬರ್ತಾವ್ರೆ. ಕೊಕ್ಕೆ ಚೆನ್ನಾಗೈತೆ, ಅದಕ್ಕೇ ಕಟ್ದೆ."

"ಕುರಿ ಕಟ್ಟೋಕಾ ಇರೋದು ಅದು? ಇದು ಆಫ್ ರೋಡ್ ಗಾಡಿ ರೀ!"

ಅವರು ಜೀಪನ್ನು ಮೇಲಿಂದ ಕೆಳಗೆ ನೋಡಿ, ನಿಜವಾಗಿಯೂ ಮರುಗಿ, "ಅರೆ, ರೋಡಿಗೆ ಬಿಡಲ್ವಾ ಇದನ್ನ? ಹಂಗಾದ್ರೆ ಕುರಿ ಇರ್ಲಿ ಬಿಡಿ ಅಣ್ಣಾ, ಗಾಡಿ ಎಲ್ಲೂ ಹೋಗಲ್ವಲ್ಲ" ಅಂದರು.

ಹೆಣ್ಣು ನೋಡಿದ್ದು

ಈಗ ನಮ್ಮ ಮನೆ ಸೊಸೆಯಾಗಿರುವ ಹುಡುಗಿಯನ್ನು ನೋಡಲು ಕುಕ್ ಟೌನಿಗೆ ಹೋದ ದಿನದ್ದು ಇದು. ಪೈಪು ಹಾಕಲು ಅವರ ಬೀದಿಯನ್ನು ಅಗೆದು, ಮಣ್ಣು ಮುಚ್ಚಿ ಹೋಗಿದ್ದರು. ಹಿಂದಿನ ದಿನ ಮಳೆ ಬೇರೆ. ಎಲ್ಲರೂ ದೂರದಲ್ಲಿ ಗಾಡಿ ನಿಲ್ಲಿಸಿದ್ದರೆ, ತಮ್ಮ ಸೀದಾ ಅವರ ಗೇಟಿನ ಮುಂದೆ ತಂದು ನಿಲ್ಲಿಸಿದ.

ಉಪ್ಪಿಟ್ಟು, ಕಾಫಿ, ಮಾತುಕತೆ ಎಲ್ಲ ಚೆನ್ನಾಗಿಯೇ ಆಯಿತು. ಹುಡುಗಿ ಸಿವಿಲ್ ಇಂಜಿನಿಯರ್, ಸೇತುವೆ ಕಟ್ಟುವ ಕಡೆ ಕೆಲಸ. ಕಳಿಸಿಕೊಡಲು ಅವರ ಮನೆಯವರೆಲ್ಲ ಗೇಟಿಗೆ ಬಂದರು. ತಮ್ಮ ಗಾಡಿ ಸ್ಟಾರ್ಟ್ ಮಾಡಿದ. ಹಿಂದಿನ ಚಕ್ರ ಎರಡೂ ಕೆಸರಲ್ಲಿ ಇಳಿದಿತ್ತು. ನಾಲ್ಕು ಜನರ ಮುಂದೆ ಸೋಲುವುದುಂಟೇ? ಜೋರಾಗಿ ಆಕ್ಸಿಲರೇಟರ್ ತುಳಿದ. ಕೆಸರು ಚಿಮ್ಮಿ ಹುಡುಗಿಯ ಅಪ್ಪನ ಬಿಳೀ ಶರಟು ಕಂದುಬಣ್ಣವಾಯಿತು. ನಮ್ಮಮ್ಮ "ಶಿವನೇ" ಅಂತ ಕಣ್ಣು ಮುಚ್ಚಿಕೊಂಡರು. ಸಂಬಂಧ ಕೆಸರು ಪಾಲಾಯಿತು ಅಂತ ನಾನೂ ಖಾತ್ರಿ ಮಾಡಿಕೊಂಡೆ.

ಹುಡುಗಿ ಕಿಟಕಿ ಹತ್ತಿರ ಬಂದಳು. "ಫೋರ್ ವೀಲ್ ಹಾಕಿದ್ದೀರಾ?"

"ಗಾಡೀನೇ ಫೋರ್ ವೀಲ್ ಅಲ್ವಾ?" ಅಂದ ತಮ್ಮ.

"ನಾಲ್ಕೂ ಚಕ್ರಕ್ಕೆ ಇಂಜಿನ್ ಬಲ ಹೋಗೋಕೆ ಬೇರೆ ಲಿವರ್ ಇರುತ್ತೆ ರೀ. ಗೇರಿನ ಪಕ್ಕ, ಚಿಕ್ಕದು."

ಹಿಂದಿನ ಸೀಟಿನಿಂದ ಅಮ್ಮ, "ಅದಾ? ಅದು ಬ್ಯಾಗ್ ನೇತುಹಾಕೋಕೆ ಅಂದ್ಕೊಂಡಿದ್ವಲ್ಲಮ್ಮ" ಅಂದರು. ಹುಡುಗಿ ಮನೆಯವರು ಕೊಟ್ಟ ತಾಂಬೂಲದ ಚೀಲ ಆಗಲೂ ಅದರಲ್ಲೇ ತೂಗುತ್ತಿತ್ತು. ನಾವೆಲ್ಲ ತಮ್ಮನ ಮುಖ ನೋಡಿದೆವು. ಅವನು ಸ್ಟೀರಿಂಗ್ ನೋಡಿದ.

"ಸ್ವಲ್ಪ ಇಳೀತೀರಾ?" ಅಂದಳು. ಎಲ್ಲರೂ ಇಳಿದೆವು. ಅವಳು ರೇಷ್ಮೆ ಸೀರೆ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಹತ್ತಿ ಕೂತು, ಚೀಲ ತೆಗೆದಿಟ್ಟು, ಲಿವರ್ ಎಳೆದಳು. ಜೀಪು ಒಂದೇ ಸಲ ಕೆಸರಿನಿಂದ ಎದ್ದು ಬಂತು. ಎದ್ದದ್ದು ನಿಲ್ಲಲಿಲ್ಲ, ಬೀದಿ ಕೊನೆಗೆ ಹೋಗಿ, ತಿರುವಿನಲ್ಲಿ ಕಾಣೆಯಾಯಿತು. ಎರಡು ಮನೆಯವರೂ ಬಾಯಿ ಬಿಟ್ಟುಕೊಂಡು ರಸ್ತೆಯಲ್ಲಿ ನಿಂತೆವು.

ಒಂದು ಸುತ್ತು ಹಾಕಿ ಬಂದು, ನಮ್ಮ ಮುಂದೆ ನೀಟಾಗಿ ನಿಲ್ಲಿಸಿ ಇಳಿದಳು. ಮುಖದಲ್ಲಿ ನಗು. ಅವಳ ಅಪ್ಪ ಶರಟಿನ ಕೆಸರು ಕೊಡವುತ್ತಾ, ಆಸೆಯಿಂದ, "ಏನಮ್ಮಾ, ಒಪ್ಪಿಗೇನಾ?" ಅಂದರು.

"ಗಾಡಿ ಒಪ್ಪಿಗೆ ಅಪ್ಪ" ಅಂದಳು. "ಹುಡುಗನ ವಿಷಯ ಯೋಚನೆ ಮಾಡಿ ಹೇಳ್ತೀನಿ."