ಜಡೆ ಹಾಕುವ ಅಪ್ಪ

ಬೆಳಿಗ್ಗೆ ಹತ್ತೂವರೆಗೆ ಪ್ರಕಾಶನದ ಕಚೇರಿಗೆ ಬಂದ ಒಂದು ಕಾಗದ ನಮ್ಮ ಚಿತ್ರಕಾರನ ಗ್ರಹಚಾರ ಬಿಡಿಸಿತು. ಬರೆದವರು ಯಾವುದೋ ಶಾಲೆಯ ಟೀಚರು. ಸಂಪಾದಕಿ ಮೇಡಂ ಅದನ್ನು ಎಲ್ಲರೆದುರಿಗೇ ಓದಿದರು.

“ನಿಮ್ಮ ಹದಿನಾಲ್ಕು ಚಿತ್ರಪುಸ್ತಕಗಳನ್ನು ನಮ್ಮ ತರಗತಿಯ ಹುಡುಗಿಯರು ನೋಡಿ ಲೆಕ್ಕ ಹಾಕಿದ್ದಾರೆ. ಆರರಲ್ಲಿ ಅಪ್ಪ ಪೇಪರ್ ಓದುತ್ತಾನೆ. ಐದರಲ್ಲಿ ನಿದ್ದೆ ಹೊಡೆಯುತ್ತಾನೆ. ಮೂರರಲ್ಲಿ ಜೇಬಿಗೆ ಕೈ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಾನೆ. ಅಪ್ಪಂದಿರಿಗೆ ಕೈಯೇ ಇರುವುದಿಲ್ಲವೇ ಎಂದು ಮಕ್ಕಳು ಕೇಳುತ್ತಿದ್ದಾರೆ.”

ಕಚೇರಿ ಗೊಳ್ಳೆಂದಿತು. ಒಳಗಿನ ಗುಟ್ಟು ಚಿತ್ರಕಾರನಿಗೊಬ್ಬನಿಗೇ ಗೊತ್ತು: ಅವನಿಗೆ ಕೈ ಬರೆಯಲು ಬರುತ್ತಿರಲಿಲ್ಲ. ಬೆರಳು ಬರೆದರೆ ಬೆಂಡೆಕಾಯಿ ಆಗುತ್ತಿತ್ತು. ಅಮ್ಮಂದಿರ ಕೈಗಳನ್ನು ಹಿಟ್ಟಿನಲ್ಲೋ ಸೋಪಿನ ನೊರೆಯಲ್ಲೋ ಮುಳುಗಿಸಿ ಪಾರಾಗುತ್ತಿದ್ದ. ಅಪ್ಪಂದಿರಿಗೆ ಹಾಗೆ ಮಾಡಿದರೆ ಯಾರೂ ನಂಬುವುದಿಲ್ಲವೆಂದು ಪೇಪರ್ ಕೊಟ್ಟು ಕೂರಿಸಿದ್ದ.

“ಹೊಸ ಪುಸ್ತಕದ ಮುಖಪುಟ ಬದಲಾಯಿಸಿ,” ಎಂದರು ಮೇಡಂ. “ಅಪ್ಪ ಮಗಳಿಗೆ ಜಡೆ ಹಾಕ್ತಿರಬೇಕು. ಸಂಜೆ ಐದಕ್ಕೆ ಪ್ರೆಸ್ಸಿಗೆ ಹೋಗ್ಬೇಕು. ನಿಮಗೂ ಮಗಳಿದ್ದಾಳಲ್ಲ, ಜಡೆ ಹಾಕಿ ಅಭ್ಯಾಸ ಇರತ್ತೆ.”

“ಅಯ್ಯೋ, ಅದೇನ್ ಮಹಾ ಮೇಡಂ! ದಿನಾ ನಾನೇ ಹಾಕೋದು. ಕಣ್ಮುಚ್ಕೊಂಡು ಹಾಕ್ತೀನಿ,” ಅಂದುಬಿಟ್ಟ.

ಮಗಳಿಗೆ ಎಂಟು ವರ್ಷ. ಈ ಎಂಟು ವರ್ಷಗಳಲ್ಲಿ ಮಹಾಶಯ ಅವಳ ತಲೆಗೆ ಒಮ್ಮೆಯೂ ಬಾಚಣಿಗೆ ತಾಗಿಸಿದವನಲ್ಲ.

ಮನೆಗೆ ಓಡಿದ. ಮಗಳಿಗೆ ರಜೆ, ನರ್ಸ್ ಆಗಿದ್ದ ಹೆಂಡತಿಗೆ ಮಧ್ಯಾಹ್ನದವರೆಗೆ ಡ್ಯೂಟಿ. “ಬಾ ಪುಟ್ಟಿ, ಜಡೆ ಹಾಕ್ತೀನಿ,” ಅಂದ.

ಪುಟ್ಟಿ ಅವನ ಹಣೆ ಮುಟ್ಟಿ ನೋಡಿದಳು. “ಜ್ವರ ಬಂದಿದ್ಯಾ ಅಪ್ಪಾ?”

ಕನ್ನಡಿಯ ಮುಂದೆ ಕೂರಿಸಿ ಕೂದಲನ್ನು ಮೂರು ಪಾಲು ಮಾಡಿದ. ಮೂರನ್ನೂ ಹಿಡಿಯುವಷ್ಟರಲ್ಲಿ ಎರಡೂ ಕೈ ಮುಗಿದುಹೋದವು. ಇನ್ನು ಪೆನ್ಸಿಲ್ ಹಿಡಿಯುವುದು ಯಾವುದರಲ್ಲಿ? ಬುದ್ಧಿವಂತ ನೋಡಿ, ಚಿತ್ರದ ಹಾಳೆ ಹಿಡಿಯುವ ಕ್ಲಿಪ್ಪು ತಂದು ಅರ್ಧ ಜಡೆಯನ್ನು ಕುರ್ಚಿಯ ಬೆನ್ನಿಗೆ ಸಿಕ್ಕಿಸಿದ. ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಪುಟ್ಟಿ ಅಭ್ಯಾಸಬಲದಿಂದ ಎದ್ದಳು, ಕುರ್ಚಿಯೂ ಜೊತೆಗೇ ಎದ್ದಿತು, ಶಾಯಿಯ ಬಾಟಲಿ ಉರುಳಿತು. ಪುಟ್ಟಿಯ ಕೂಗು ಇಡೀ ಕಟ್ಟಡಕ್ಕೆ ಕೇಳಿಸಿತು.

ಚಿತ್ರಕಾರ ಓಡಿಹೋಗಿ ಬಾಗಿಲು ತೆಗೆದರೆ, ಮೇಲಿನ ಮನೆಯ ನಿವೃತ್ತ ಹೆಡ್‌ಮಿಸ್ಸು. ಒಳಗೆ ನುಗ್ಗಿದವರೇ ಎದೆ ಹಿಡಿದುಕೊಂಡರು. “ಹೆತ್ತ ಮಗಳನ್ನ ಕುರ್ಚಿಗೆ ಕಟ್ಟಿಹಾಕಿದೀಯಲ್ಲೋ! ನೀನೇನು ಮನುಷ್ಯನೋ?”

“ಇಲ್ಲಜ್ಜಿ, ಜಡೆ ಹಾಕ್ತಿದ್ದೆ…”

“ಇದು ಜಡೆನಾ? ಹಕ್ಕಿ ಗೂಡು ಕಟ್ಟಿದೆ!” ಎಂದು ಕಿಟಕಿಯಿಂದ ಕೆಳಗಿನ ಅಂಗಡಿಗೆ ಕೂಗು ಹಾಕಿದರು. “ಟೈಲರಣ್ಣಾ, ಬೇಗ ಬಾರಪ್ಪಾ!”

ಟೈಲರಣ್ಣ ಕತ್ತಿನಲ್ಲಿ ಟೇಪು, ಬಾಯಲ್ಲಿ ಗುಂಡುಪಿನ್ನು ಇಟ್ಟುಕೊಂಡೇ ಬಂದ. ಪಿನ್ನು ತೆಗೆದು ಅಂಗಿಯ ತೋಳಿಗೆ ಚುಚ್ಚಿಕೊಂಡು, ಕ್ಲಿಪ್ಪು ಬಿಡಿಸಿ, ಎರಡೇ ನಿಮಿಷದಲ್ಲಿ ಜಡೆ ಹೆಣೆದುಬಿಟ್ಟ. “ನಂಗೆ ಮೂರು ಹೆಣ್ಮಕ್ಕಳು ಸಾರ್. ದಿನಾ ಆರು ಜಡೆ ಹಾಕಿನೇ ಅಂಗಡಿ ಬಾಗಿಲು ತೆಗೆಯೋದು.”

“ಒಂಚೂರೂ ನೋವಾಗ್ಲಿಲ್ಲ ಮಾಮಾ,” ಎಂದಳು ಪುಟ್ಟಿ, ಕಣ್ಣು ಮುಚ್ಚಿಕೊಂಡು.

ಆ ಮಾತಿಗೆ ಚಿತ್ರಕಾರನ ಮುಖ ಸಣ್ಣದಾಯಿತು. ಆದರೂ ನಾಚಿಕೆ ಬಿಟ್ಟು ಜಡೆ ಬಿಚ್ಚಿಸಿ, ಇನ್ನೊಮ್ಮೆ ಹಾಕಿಸಿ, ಟೈಲರಣ್ಣನ ಬೆರಳುಗಳನ್ನು ಒಂದೊಂದಾಗಿ ನೋಡಿ ಬರೆದುಕೊಂಡ. ಆ ಕೈಗಳ ಮೇಲೆ ತನ್ನ ಮುಖ ಕೂರಿಸಿದ. ಚಿತ್ರ ಜೀವ ತಳೆದಂತಿತ್ತು.

ಐದರೊಳಗೆ ಕಚೇರಿಗೆ ಒಯ್ದ ಚಿತ್ರ ನೋಡಿ ಮೇಡಂ ಕುಣಿದಾಡುವುದೊಂದು ಬಾಕಿ. “ಅನುಭವ ಇಲ್ದೋರು ಇದನ್ನ ಬರೆಯೋಕೆ ಸಾಧ್ಯಾನೇ ಇಲ್ಲ! ಭಾನುವಾರ ಪುಸ್ತಕ ಬಿಡುಗಡೆ. ವೇದಿಕೆ ಮೇಲೆ ನೀವು ಮಗಳಿಗೆ ಜಡೆ ಹಾಕಿ ತೋರಿಸ್ಬೇಕು. ಇನ್ನೂರು ಮಕ್ಕಳು ಬರ್ತಾರೆ.”

ನನಗೆ ಬರುವುದಿಲ್ಲ ಎಂಬ ಎರಡು ಮಾತು ಗಂಟಲವರೆಗೆ ಬಂತು. ಸುತ್ತ ನಿಂತವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ನುಂಗಿಕೊಂಡ.

ಹೊರಗೆ ಬಂದಾಗ ಅವನಿಗೆ ತನ್ನ ಮೇಲೇ ಅಸಹ್ಯ ಹುಟ್ಟಿತು. ಸುಳ್ಳು ಹೇಳಿದ್ದಕ್ಕಿಂತ ಹೆಚ್ಚಾಗಿ, ಮಗಳು ಕಣ್ಣು ಮುಚ್ಚಿ ಸುಖಪಟ್ಟದ್ದು ಬೇರೆಯವರ ಕೈಯಲ್ಲಿ ಎಂಬುದು ಚುಚ್ಚುತ್ತಿತ್ತು. ಮನೆಗೆ ಹೋಗದೆ ನೇರ ಟೈಲರಣ್ಣನ ಅಂಗಡಿಗೆ ಹೋದ. “ಅಣ್ಣಾ, ನಂಗೆ ಕಲಿಸ್ಕೊಡು. ದಮ್ಮಯ್ಯ.”

ಟೈಲರಣ್ಣ ಮೂರು ಬಟ್ಟೆಪಟ್ಟಿ ಕತ್ತರಿಸಿ ಕಿಟಕಿಯ ಸರಳಿಗೆ ಕಟ್ಟಿದ. ಮೊದಲ ಹತ್ತು ಸಲ ಗಂಟಾಯಿತು. ಬಟ್ಟೆ ಕೊಡಲು ಬಂದವರೆಲ್ಲ ನಿಂತು ಸಲಹೆ ಕೊಟ್ಟರು. ಬೋಳುತಲೆಯ ಅಂಚೆಯವನೂ ಕೊಟ್ಟ. ಚಿತ್ರಕಾರ ತಲೆ ತಗ್ಗಿಸಿಕೊಂಡು ಹೆಣೆದ, ಬಿಚ್ಚಿದ, ಹೆಣೆದ. ನಲವತ್ತನೆಯ ಸಲಕ್ಕೆ ಜಡೆ ನೆಟ್ಟಗೆ ನಿಂತಿತು. ಟೈಲರಣ್ಣ ಎಳೆದು ನೋಡಿ, “ಪಾಸ್ ಸಾರ್!” ಅಂದ.

ಕಣ್ಣು ಒರೆಸಿಕೊಂಡು ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದ. “ಪುಟ್ಟೀ, ಬಾಚಣಿಗೆ ತಾರೇ!”

ಬಾಗಿಲು ತೆಗೆದವಳನ್ನು ನೋಡಿ ಬೇರೆ ಯಾರದೋ ಮನೆಗೆ ಬಂದೆನೇನೋ ಅಂದುಕೊಂಡ. ಪುಟ್ಟಿಯ ಕೂದಲು ಕಿವಿಯವರೆಗೆ ಮಾತ್ರ ಇತ್ತು.

“ನಿಮ್ಮ ಮೇಡಂ ಫೋನ್ ಮಾಡಿ ಭಾನುವಾರದ ಸುದ್ದಿ ಹೇಳಿದ್ರು ರೀ,” ಎಂದಳು ಹೆಂಡತಿ ಒಳಗಿನಿಂದ. “ಆಗಿಂದ ಒಂದೇ ಹಠ. ಅತ್ತೂ ಅತ್ತೂ ಕಟಿಂಗ್ ಮಾಡಿಸ್ಕೊಂಡೇ ಬಂದ್ಲು.”

“ಎಲ್ಲರ ಮುಂದೆ ನಿನಗೆ ಅವಮಾನ ಆಗ್ಬಾರ್ದಲ್ಲಪ್ಪಾ,” ಎಂದಳು ಪುಟ್ಟಿ ಮೆಲ್ಲಗೆ. “ಕೂದಲೇ ಇಲ್ದಿದ್ರೆ ಜಡೆ ಹಾಕು ಅಂತ ಯಾರೂ ಕೇಳಲ್ಲ.”

ಚಿತ್ರಕಾರ ಹೊಸ್ತಿಲ ಮೇಲೆಯೇ ಕುಳಿತುಬಿಟ್ಟ. ನೆಲ ಬಾಯಿ ಬಿಟ್ಟಿದ್ದರೆ ಒಳಗೆ ಇಳಿದುಬಿಡುತ್ತಿದ್ದ. “ಮತ್ತೆ ಬೆಳೆಯೋಕೆ ಎಷ್ಟು ದಿನ ಬೇಕು?” ಎಂದು ಕೇಳಿದ.

“ದಿನ ಅಲ್ಲ, ಎರಡು ವರ್ಷ,” ಎಂದಳು ಹೆಂಡತಿ.

ಪುಟ್ಟಿ ಅವನ ಪಕ್ಕದಲ್ಲಿ ಕೂತು ಬೆನ್ನು ಸವರಿದಳು. “ಯೋಚ್ನೆ ಮಾಡ್ಬೇಡಪ್ಪಾ. ಅಷ್ಟರೊಳಗೆ ನೀನೂ ಕಲ್ತುಬಿಡ್ತೀಯ.”