ರೋಲರ್‌ಬಾಲ್ ಪೆನ್ನು ಮತ್ತು ನೀಲಿ ವಿಭೂತಿ

ಪೆನ್ನುಗಳ ಗುಣಾವಗುಣ ಹೇಳುವುದರಲ್ಲಿ ಇಡೀ ಹಾಸನ ಜಿಲ್ಲೆಯಲ್ಲಿ ನನ್ನನ್ನು ಮೀರಿಸುವವನು ಒಬ್ಬನೇ ಇದ್ದ. ಅವನು ಈಗ ಇಲ್ಲ. ಹೀಗಾಗಿ ಕಿರೀಟ ನನ್ನೊಬ್ಬನ ತಲೆಗೇ ಬಂತು. ಬರಬಾರದಿತ್ತು, ಬಂದ ಮೇಲೆ ಇಳಿಸುವಂತಿಲ್ಲ!

ಅವನು ಅಮರನಾಥ, ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿ. ನಾನು ಗೌರೀಶಂಕರ, ಹಾಸನದ ಕಾಲೇಜೊಂದರಲ್ಲಿ ಗ್ರಂಥಪಾಲಕನಾಗಿದ್ದು ನಿವೃತ್ತನಾದವನು. ದುಬಾರಿ ಪೆನ್ನನ್ನು ಯಾವ ಪೆದ್ದನೂ ಹೊಗಳಬಲ್ಲ. ಎರಡು ಮಸಾಲೆದೋಸೆಯ ಬೆಲೆಯೊಳಗೆ ರತ್ನ ಹುಡುಕುವವನೇ ರಸಿಕ. ಇದು ನಮ್ಮಿಬ್ಬರ ಸಿದ್ಧಾಂತ. ರೂಪದ ತೀರ್ಪು ನನ್ನದು, ಬರಹದ ತೀರ್ಪು ಅವನದು.

“ಪೆನ್ನು ಅಂದ್ರೆ ಅಳಿಯ ಇದ್ದಂಗೆ ಕಣ್ಲಾ ಗೌರಿ,” ಎನ್ನುತ್ತಿದ್ದ. “ನೋಡಕ್ ಚೆಂದಾಗಿದ್ರೆ ಸಾಲ್ದು. ಕೆಲ್ಸಕ್ ಅಚ್ಚಿದ್ರೆ ಗೊತ್ತಾಯ್ತದೆ ಬಣ್ಣ!” ಹೇಳಿ, ಕೊಬ್ಬರಿ ಮೂಟೆಯ ಮೇಲೆ ಸರ್ರನೆ ಗೀಚುತ್ತಿದ್ದ. ಗೋಣಿಚೀಲದ ಮೇಲೂ ಮೂಡಿದ ಪೆನ್ನಿಗೆ ಮಾತ್ರ ಅವನ ಕಿವಿಯ ಸಂದಿಯಲ್ಲಿ ಜಾಗ. ಅಂಗಡಿಗೆ ಬಂದವರು ಪೆನ್ನಿನ ಪರೀಕ್ಷೆ ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕೊಬ್ಬರಿ ಕೊಳ್ಳುವುದನ್ನು ಮರೆತು ಹೋದವರೂ ಉಂಟು.

ಅವನ ಉತ್ತರಕ್ರಿಯೆಯ ಶಿವಗಣಾರಾಧನೆಗೆ ಎರಡು ದಿನ ಮೊದಲು ಹೆಂಡತಿ ಶಿವಗಂಗಮ್ಮ ಫೋನು ಮಾಡಿದರು.

“ಅಣ್ಣ, ಬಾಗಿಲಲ್ಲಿ ಒಂದು ಫ್ಲೆಕ್ಸ್ ಹಾಕಿಸ್ತಾ ಇದ್ದೀವಿ. ಫೋಟೊ ಕೆಳಗೆ ಒಂದು ಸಾಲು ನೀವೇ ಬರ್ಕೊಡಿ. ಎಲ್ಲರ ಬೋರ್ಡಲ್ಲೂ ಇರ್ತದಲ್ಲ, ಅಂಥದ್ದು ಬ್ಯಾಡ. ಅವ್ರದ್ದೇ ಅನ್ಸೋ ಅಂಥದ್ದು.”

“ಬಿಡಿ ತಾಯಿ, ಆ ಜವಾಬ್ದಾರಿ ನನ್ನದು!” ಎಂದೆ. ಸಾವಿರಾರು ಪುಸ್ತಕ ಓದಿದವನಿಗೆ ಒಂದು ಸಾಲು ಯಾವ ಲೆಕ್ಕ? ಫೋನಿಟ್ಟವನೇ ಘೋಷಿಸಿದೆ: “ನೇತ್ರಾ! ಈ ಸಾಲನ್ನು ಮೊಬೈಲಿನಲ್ಲಿ ಕುಟ್ಟುವುದಿಲ್ಲ. ಹೊಸ ಪೆನ್ನು ತಂದು ಕೈಯಾರೆ ಬರೆಯುತ್ತೇನೆ!”

“ಫ್ಲೆಕ್ಸ್‌ನೋರು ಅದನ್ನ ಟೈಪೇ ಮಾಡ್ತಾರೆ ಕಣ್ರೀ,” ಎಂದಳು ನನ್ನ ಹೆಂಡತಿ.

“ಮಾಡಲಿ! ಮೂಲಪ್ರತಿ ಅಂತ ಒಂದು ಇರಬೇಡವೇ?”

“ಮೂಲಪ್ರತಿ ಇರ್ಲಿ, ಮೊದಲು ಮೂಲ ಸಾಲು ಹೊಳೀಲಿ.”

ಹಾಸನದ ಅಂಗಡಿಯಲ್ಲಿ ಆ ರೋಲರ್‌ಬಾಲ್ ಪೆನ್ನು ಕಂಡಾಗ, ಒಪ್ಪಿಕೊಳ್ಳುತ್ತೇನೆ, ಎದೆ ಝಲ್ಲೆಂದಿತು. ಹೊಳಪಿಲ್ಲದ ಕಪ್ಪು ಮೈ. ನಡುವಿನಲ್ಲಿ ಸಣ್ಣಗೆ ಇಳಿದ ಸೊಂಟ. ಉಕ್ಕಿನ ಕ್ಲಿಪ್ಪು ಜೇಬು ಕಚ್ಚಿತೆಂದರೆ ಉಡದ ಹಿಡಿತ! ಟೋಪಿ ಹಾಕಿದರೆ ‘ಟಕ್’ ಎಂದು ತೃಪ್ತಿಯ ಸದ್ದು. ಮೈಮೇಲೆ ಕಂಪನಿಯ ಹೆಸರು ಬಿಟ್ಟರೆ ಒಂದು ಚಿತ್ತಾರವಿಲ್ಲ. ಬಡವರ ಮನೆಯ ರಾಜಕುಮಾರ! ಆಡಿಕೊಳ್ಳಬಹುದಾದದ್ದು ಒಂದೇ: ಟೋಪಿಯನ್ನು ಹಿಂದಕ್ಕೆ ಸಿಕ್ಕಿಸಿದರೆ ಬಾಲ ಭಾರ. ರೂಪದಲ್ಲಿ ಹತ್ತಕ್ಕೆ ಒಂಬತ್ತು ಕೊಟ್ಟೆ.

ಬರಹದ ತೀರ್ಪು ಹೇಳಬೇಕಾದವನು ಇರಲಿಲ್ಲ. ಆ ಪೀಠವನ್ನೂ ನಾನೇ ಏರಿದೆ.

ಮನೆಗೆ ಬಂದು ಗೀಚಿ ನೋಡಿದೆ. ಆಹಾ! ಬಾಲ್‌ಪೆನ್ನಿನಂತೆ ಒತ್ತುವ ಹಾಗಿಲ್ಲ. ಬೆಣ್ಣೆಯ ಮೇಲೆ ಬೆರಳಾಡಿದಂತೆ ಜಾರುತ್ತದೆ. ಗೆರೆ ದಟ್ಟ ನೀಲಿ, ಎಲ್ಲೂ ತುಂಡಾಗದು. ನನ್ನ ಕೋಳಿಕಾಲಿನ ಅಕ್ಷರವೂ ದುಂಡಗಾಗಿ ಕಂಡಿತು. ಆದರೆ ಇದರ ಶಾಯಿ ನೀರು ಶಾಯಿ; ಬರೆದು ಎಷ್ಟು ಹೊತ್ತಾದರೂ ಒದ್ದೊದ್ದೆ. ಯೋಚಿಸುತ್ತ ತುದಿಯನ್ನು ಹಾಗೇ ಹಿಡಿದರೆ ಕಾಗದ ಹೀರಿಕೊಂಡು ಕಾಸಗಲದ ಚುಕ್ಕೆ. ಅಂದರೆ ಇದು ಯೋಚಿಸದೆ ಬರೆಯುವವರ ಪೆನ್ನು!

ನಾನೋ ಯೋಚಿಸುವವನು. ಬೆಳಿಗ್ಗೆಯಿಡೀ ಕೂತರೂ ಕಾಗದದ ತುಂಬ ಚುಕ್ಕೆಗಳೇ. ಚನ್ನರಾಯಪಟ್ಟಣದ ಫ್ಲೆಕ್ಸ್ ಅಂಗಡಿಗೆ ಹೋಗಲು ಬಸ್ಸಿನ ಹೊತ್ತಾಗುತ್ತಾ ಬಂದಾಗ ಕೊನೆಗೂ ಹೊಸ ಹಾಳೆಯಲ್ಲಿ ಒಂದು ಸಾಲು ಬಂತು: ‘ನಮ್ಮನ್ನಗಲಿದ ಜೀವವೇ, ನಿನಗಿದೋ ಶರಣು.’

ಭೇಷ್ ಎಂದುಕೊಂಡೆ. ಎಲ್ಲರ ಬೋರ್ಡಿನಲ್ಲೂ ಇರುವುದು ಇದೇ ಎಂಬುದು ಹೊಳೆಯಲಿಲ್ಲ. ಯಾಕೆಂದರೆ, ಬರೆದ ಮೇಲೆ ಆ ಮೊದಲ ಪದವನ್ನು ಓದಿದೆ. ಆವರೆಗೆ ಅವನು ಹೋಗಿದ್ದಾನೆಂದು ನಾನೆಲ್ಲೂ ಬರೆದಿರಲಿಲ್ಲ. ಒಂದು ಹನಿ ಸರಿಯಾಗಿ ‘ಗಲಿ’ಯ ಮೇಲೆ ಬಿತ್ತು. ನೀರು ಶಾಯಿಗೆ ನೀರೇ ನೆಂಟ. ಎರಡೂ ಅಪ್ಪಿಕೊಂಡು ಹರಿದವು.

“ಏನ್ರೀ, ಕಣ್ಣಲ್ಲಿ ನೀರು?”

“ಫ್ಯಾನಿನ ಗಾಳಿ.”

ಫ್ಯಾನು ಹಾಕಿರಲಿಲ್ಲ. ಅವಳು ಮೇಲೆ ನೋಡಿ, ನನ್ನನ್ನು ನೋಡಿ, ಒಳಗೆ ಹೋದಳು.

ಆಗ ನನ್ನೊಳಗಿನ ಗ್ರಂಥಪಾಲಕ ಎದ್ದ! ಹಿಂದಿನವರು ಶಾಯಿ ಆರಲೆಂದು ಬರಹದ ಮೇಲೆ ಮರಳು ಉದುರಿಸುತ್ತಿದ್ದರೆಂದು ಎಲ್ಲೋ ಓದಿದ್ದೆ. ನಮ್ಮ ಮನೆಯಲ್ಲಿ ಮರಳೆಲ್ಲಿಂದ ಬರಬೇಕು? ಆದರೆ ಶಿವಭಕ್ತರ ಮನೆಯಲ್ಲಿ ವಿಭೂತಿಗೆ ಬರವೇ? ದೇವರ ಮನೆಯಿಂದ ವಿಭೂತಿ ಗಟ್ಟಿ ತಂದು ಆ ಒದ್ದೆ ಪದದ ಮೇಲೆ ಉಜ್ಜಿದೆ. ವಿಭೂತಿ ಶಾಯಿಯನ್ನು ಹೀರಿತು, ನಿಜ. ಜೊತೆಗೆ ಅಕ್ಷರವನ್ನೂ ಹೀರಿತು!

“ಇನ್ನೊಂದ್ಸಲ ಬರೀರಿ,” ಎಂದು ಒಳಗಿನಿಂದಲೇ ಕೂಗಿದಳು ನೇತ್ರಾ.

“ಬಸ್ಸಿಗೆ ಹೊತ್ತಾಯ್ತು!” ಎಂದೆ. ಆ ಪದವನ್ನು ಎರಡನೇ ಸಲ ಬರೆಯುವ ಧೈರ್ಯ ಇರಲಿಲ್ಲ ಎಂದು ಹೇಳಲಿಲ್ಲ. ಬೆರಳು ಒದ್ದೆ ಮಾಡಿಕೊಂಡು ಅದೇ ಗಟ್ಟಿಯಿಂದ ಹಣೆಗೆ ಮೂರು ಪಟ್ಟೆ ಎಳೆದುಕೊಂಡು ಹೊರಟೆ.

ಚನ್ನರಾಯಪಟ್ಟಣದ ಬಸ್ಸಿನಲ್ಲಿ ಕಂಡಕ್ಟರು ಟಿಕೆಟ್ ಕೊಟ್ಟು ನನ್ನ ಮುಖವನ್ನೇ ನೋಡಿದ. “ಉಸಾರಾಗಿದ್ದೀರಾ ಸಾ?” ಎಂದ. ದುಃಖ ಮುಖದಲ್ಲೇ ಕಾಣುತ್ತಿದೆ ಎಂದುಕೊಂಡು ಗಂಭೀರವಾಗಿ ತಲೆಯಾಡಿಸಿದೆ. ಪಕ್ಕದ ಸೀಟಿನವರು ಎದ್ದು ಹಿಂದಕ್ಕೆ ಹೋದರು. ನನ್ನ ಏಕಾಂತವನ್ನು ಗೌರವಿಸುವ ಸಂಸ್ಕಾರವಂತರು!

ಫ್ಲೆಕ್ಸ್ ಅಂಗಡಿಯ ಮೋಹನ್‌ಕುಮಾರನಿಗೆ ಅಷ್ಟು ಸಂಸ್ಕಾರವಿರಲಿಲ್ಲ.

“ಏನ್ ಸಾ ಇದು! ನೀಲಕಂಠನ್ನ ಕೇಳಿದ್ದೆ, ನೀಲಿ ಅಣೆಯೋರ್ನ ಇವತ್ತೇ ನೋಡ್ತಿರದು!”

ಅವನ ಮೊಬೈಲಿನಲ್ಲಿ ಮುಖ ನೋಡಿಕೊಂಡೆ. ಹಣೆಯ ಮೇಲೆ ಮೂರು ನೀಲಿ ಹೆದ್ದಾರಿಗಳು! ಕರ್ಚೀಫಿನಿಂದ ಒರೆಸಿದೆ. ಮೂರು ಹೋಗಿ ಒಂದಾಯಿತು; ಹಣೆಯಷ್ಟೇ ಅಗಲವಾಯಿತು.

ಮೋಹನ್‌ಕುಮಾರ ನಗು ತಡೆದುಕೊಂಡು ಹಾಳೆ ಹಿಡಿದ. “ಸಾ, ಮೊದಲ್ನೇ ಪದ ಕಲೆಸ್ಕಂಡದೆ. ಬಾಯಲ್ ಒಂದ್ಸಲ ಓದ್ಬುಡಿ, ಟೈಪ್ ಮಾಡ್ಕತೀನಿ.”

ಬಾಯಿ ತೆರೆದೆ. ‘ನಮ್ಮನ್ನ’ ಎಂದವನು ಅಲ್ಲಿಗೇ ನಿಲ್ಲಿಸಿ ಕರ್ಚೀಫು ಮಡಿಸತೊಡಗಿದೆ. ಸೋಲೊಪ್ಪುವವನೇ ನಾನು? “ನನ್ನ ಅಕ್ಷರ ಓದಲು ನಾನೇ ಬೇಕೇನಯ್ಯಾ? ಕಣ್ಣಿದ್ದವನಿಗೆ ಎಲ್ಲ ಸ್ಪಷ್ಟವಾಗಿದೆ!” ಎಂದು ಗದರಿ, ಕರ್ಚೀಫಿನಿಂದ ಹಣೆ ಮುಚ್ಚಿಕೊಂಡು ಬಸ್ಸು ಹತ್ತಿದೆ.

ಆರಾಧನೆಯ ದಿನ ನೇತ್ರಾಳೊಡನೆ ಹೋದಾಗ ಶಾಮಿಯಾನದ ಬಾಗಿಲಲ್ಲೇ ಅಮರನಾಥ ನಿಂತಿದ್ದ; ಕಿವಿಯ ಸಂದಿಯಲ್ಲಿ ಪೆನ್ನು ಸಿಕ್ಕಿಸಿಕೊಂಡ ಹಳೆಯ ಫೋಟೊ. ಅದರ ಕೆಳಗೆ ದಪ್ಪಕ್ಷರ:

‘ನಮ್ಮನ್ನ ನಗಿಸಿದ ಜೀವವೇ, ನಿನಗಿದೋ ಶರಣು.’

ಅಲ್ಲೇ ಪಂಕ್ತಿಯ ಕಡೆ ಹೊರಟಿದ್ದ ಮೋಹನ್‌ಕುಮಾರನ ರಟ್ಟೆ ಹಿಡಿದೆ.

“ಏನಯ್ಯಾ ಇದು? ‘ನಗಿಸಿದ’ ಎಂದು ನಾನೆಲ್ಲಿ ಬರೆದಿದ್ದೆ?”

“‘ನಮ್ಮನ್ನ’ ಕಾಣ್ತಿತ್ತು, ಕೊನೇಲ್ ‘ದ’ ಕಾಣ್ತಿತ್ತು, ಮಧ್ಯ ಒಂದು ‘ಗ’ ಅಂಗೆ ಇತ್ತು ಸಾ. ಅಮರಣ್ಣ ಅಂದ್ಮೇಲೆ ಇನ್ನೇನಿದ್ದಾತು ಅಂತ ಅದ್ನೇ ಆಕ್ಬುಟ್ಟೆ. ಯಾಕ್ ಸಾ, ತಪ್ಪಾ?”

ಉತ್ತರಿಸಲು ಪುರುಸೊತ್ತಿರಲಿಲ್ಲ. ಶಿವಗಂಗಮ್ಮ ಇನ್ನೂ ಹೊರಗೆ ಬಂದಿರಲಿಲ್ಲ. ಬರುವಷ್ಟರಲ್ಲಿ ಆ ಪದವನ್ನು ಮುಚ್ಚಬೇಕು! ಕಂಬಕ್ಕೆ ಸುತ್ತಿದ್ದ ಸೇವಂತಿಗೆ ಹಾರ ಬಿಚ್ಚಿ ‘ನಗಿಸಿದ’ದ ಮೇಲೆ ಇಳಿಬಿಟ್ಟೆ. ಅದು ಜಾರಿ ನನ್ನ ಕೊರಳಿಗೇ ಬಿತ್ತು.

“ಎಲ್ಲರೂ ನೋಡ್ತಾವ್ರೆ, ಹಾರ ತೆಗೀರಿ! ಸನ್ಮಾನ ಯಾರ್ಗೆ ಅಂದ್ಕತಾರೆ!” ಎಂದು ನೇತ್ರಾ ಪಿಸುಗುಟ್ಟಿದಳು. ಕೊನೆಯ ಉಪಾಯವಾಗಿ ಫ್ಲೆಕ್ಸಿಗೆ ಬೆನ್ನು ಕೊಟ್ಟು, ಕೈ ಅಗಲಿಸಿ ನಿಂತೆ.

ಶಿವಗಂಗಮ್ಮ ಬಂದೇ ಬಂದರು. “ಯಾಕಣ್ಣ ಅಡ್ಡ ನಿಂತಿದ್ದೀರ?”

“ತಾಯಿ, ಅನಾಹುತವಾಗಿದೆ. ‘ನಮ್ಮನ್ನಗಲಿದ’ ಅಂತ ಬರೆದಿದ್ದೆ. ನನ್ನ ಪೆನ್ನು... ನನ್ನ ಕಣ್ಣು... ವಿಭೂತಿ...” ಎಂದು ತಡವರಿಸಿದೆ.

ಅವರು ನನ್ನ ತೋಳು ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಓದಿದರು. ನಾನು ತಲೆ ತಗ್ಗಿಸಿ ಬೈಗುಳಕ್ಕೆ ಕಾದೆ.

“ಅಗಲಿದ್ದು ನಂಗೊತ್ತಿಲ್ವೇನಣ್ಣ? ಅದನ್ನ ಬೋರ್ಡ್ ಹಾಕ್ಸಿ ನಂಗೇ ಹೇಳ್ಬೇಕಾ?” ಎಂದರು. ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ, ಇಷ್ಟು ದಿನಗಳಲ್ಲಿ ಮೊದಲ ಸಲ, ಅವರ ಮುಖದಲ್ಲಿ ನಗು ಬಂತು.

“ಇನ್ಮೇಲೆ ಬರೆಯೋದ್ನ ಆ ಪೆನ್ನಿಗೇ ಬಿಟ್ಬುಡಿ ಅಣ್ಣ. ನೀವು ಬಂದು ಊಟಕ್ಕೆ ಕೂತ್ಕಳಿ.”