ಹಿಟ್ಟಿನ ಡಬ್ಬದಲ್ಲಿ ಆರು ಮರಿಗಳು

ನಾವಿಬ್ಬರೂ ಎಲ್ಲಿ ಹೋಗಿ ಸುಮ್ಮನೆ ಕೂತರೂ ಇಂಥದ್ದೊಂದು ಫಜೀತಿ ನಮ್ಮನ್ನು ಹುಡುಕಿಕೊಂಡು ಬಂದೇ ಬರುತ್ತದೆ. ಪರದೇಶದ ಲೆಪರ್ಡ್ಸ್‌ಟೌನ್‌ನಲ್ಲಿ ಕೆಲಸ ಮಾಡುವ ನಾನೂ ನನ್ನ ಗಂಡನೂ ಒಂದು ವಾರದ ರಜೆಗೆಂದು ಅಲ್ಲಿಂದ ದೂರದ ಲೆಟರ್‌ಕೆನ್ನಿ ಎಂಬ ಊರಾಚೆಯ ಗುಡ್ಡದ ಮೇಲಿನ ಮನೆಗೆ ಹೋದೆವು. ಲಾಕ್‌ಡೌನ್ ಬಂತು, ಅಲ್ಲೇ ಉಳಿದೆವು. ಕರೆಂಟಿನ ಲೈನೇ ಇಲ್ಲದ ಮನೆ. ಮೇಲೊಂದು ಸೋಲಾರ್ ಪ್ಯಾನೆಲ್, ಕೆಳಗೊಂದು ಬ್ಯಾಟರಿ, ಸುತ್ತಲೂ ಮಂಜು. ಬೆಳಿಗ್ಗೆ ಕಣ್ಣು ಬಿಟ್ಟ ಮೇಲೂ ಕನಸು ಮುಗಿಯಿತೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ನನಗಂತೂ ಬಹಳ ಹಿಡಿಸಿತ್ತು.

ಪಕ್ಕದ ಮನೆಯ, ಆ ಊರಿನವರೇ ಆದ ಅಜ್ಜಿ ಸೊಂಟದ ಆಪರೇಷನ್‌ಗೆ ಹೊರಟರು. ಕಾಂಪೌಂಡ್ ಗೋಡೆಯ ಮೇಲೆ ಪೆಟ್ಟಿಗೆಯೊಂದನ್ನು ಇಟ್ಟು, ದೂರ ಸರಿದು ನಿಂತು, "ಆರು ಮರಿ ಇವೆ. ತಾಯಿಕೋಳೀನ ನರಿ ಹಿಡೀತು. ನಾನು ಬರೋವರೆಗೂ ಬೆಚ್ಚಗಿಡಿ. ಆರಕ್ಕೆ ಆರೂ ಇರಬೇಕು" ಎಂದರು. ಅವರ ಕಣ್ಣು ತುಂಬಿತ್ತು. ನಾನು ಪೆಟ್ಟಿಗೆಯನ್ನು ಎದೆಗವಚಿಕೊಂಡು ಒಳಗೆ ಬಂದೆ.

ಮೀಟಿಂಗೋ, ಮರಿಯೋ

ಮರಿಗಳ ಜೊತೆ, ಕಾವಿಗೆಂದು ಒಂದು ದೊಡ್ಡ ಬಲ್ಬನ್ನೂ ಕೊಟ್ಟಿದ್ದರು. ಅದು ಉರಿದರೆ ಲ್ಯಾಪ್‌ಟಾಪ್‌ಗೆ ಕರೆಂಟ್ ಸಾಲದು. ಮೀಟಿಂಗ್ ನಡುವೆ ನನ್ನ ಗಂಡ, ಬೆಂಗಳೂರಿನವರೇ ಆದ ಮ್ಯಾನೇಜರಿಗೆ ನೇರವಾಗಿ ಕೇಳಿಬಿಟ್ಟ: "ಸರ್, ಬ್ಯಾಟರಿ ಮುಗೀತಾ ಬಂತು. ನಾನು ಅಪ್‌ಡೇಟ್ ಕೊಡ್ಲಾ, ಕೋಳಿಮರಿಗಳನ್ನ ಉಳಿಸ್ಲಾ?"

ಅವರು ಸ್ವಲ್ಪ ಯೋಚಿಸಿ, "ಮರಿಗಳನ್ನ ಉಳಿಸಪ್ಪ. ನಿನ್ನ ಅಪ್‌ಡೇಟ್ ಹೆಂಗೂ ನಿನ್ನೆ ಹೇಳಿದ್ದೇ ತಾನೆ?" ಎಂದರು.

ಅಮ್ಮನ ಆರೈಕೆ

ಮರುದಿನ ಬಿಸಿಲೇ ಇಲ್ಲ, ಬಲ್ಬೂ ಇಲ್ಲ. ಮರಿಗಳು ಒಂದರ ಮೇಲೊಂದು ಬಿದ್ದು ಚೀಂ ಚೀಂ ಎನ್ನುತ್ತಿದ್ದವು. ನಾನು ಅಳುತ್ತಾ ಮೈಸೂರಿಗೆ ಫೋನ್ ಮಾಡಿದೆ. ಅಮ್ಮ ಜನ್ಮದಲ್ಲಿ ಒಂದು ಮೊಟ್ಟೆಯನ್ನೂ ಹೊಸ್ತಿಲು ದಾಟಲು ಬಿಟ್ಟವರಲ್ಲ.

"ಆ ಚಳೀಲಿ ಇಡ್ಲಿ ಹಿಟ್ಟು ಹೆಂಗೆ ಹುದುಗು ಬರಿಸ್ತೀಯೇ?"

"ಪಿಕ್ನಿಕ್‌ನ ದೊಡ್ಡ ಥರ್ಮೋಕೋಲ್ ಡಬ್ಬದೊಳಗೆ ಬಿಸಿನೀರಿನ ಚೀಲ ಇಟ್ಟು, ಶಾಲು ಹೊದಿಸಿ."

"ಮತ್ತೆ? ಹಿಟ್ಟಿಗೆ ಮಾಡೋದನ್ನ ಜೀವಕ್ಕೆ ಮಾಡಕ್ಕಾಗಲ್ವಾ?"

ಒಲೆಯ ಮೇಲೆ ನೀರು ಕಾಯಿಸಿ ಹಾಗೇ ಮಾಡಿದೆ, ಗಾಳಿಗೆ ಒಂದಿಷ್ಟು ಸಂದು ಬಿಟ್ಟೆ. ಐದೇ ನಿಮಿಷಕ್ಕೆ ಆರೂ ಚೀಲಕ್ಕೆ ಒರಗಿ ನಿದ್ದೆಹೋದವು. ನೋಡುತ್ತಾ ನೋಡುತ್ತಾ ನಾನೂ ಅಲ್ಲೇ ತೂಕಡಿಸಿದೆ. ಅಂದಿನಿಂದ ದಿನಾ ಬೆಳಿಗ್ಗೆ ಅಮ್ಮನ ಫೋನ್: "ಎದ್ದವಾ? ತಿಂದವಾ?" ಮದುವೆಯಾದಾಗಿನಿಂದ "ಏನಾದ್ರೂ ವಿಶೇಷ ಇದ್ಯಾ?" ಎಂದು ಕೇಳುತ್ತಿದ್ದವರು ಆ ಪ್ರಶ್ನೆಯನ್ನೇ ಮರೆತರು.

ಅಜ್ಜಿ ವಾಪಸ್

ಅಜ್ಜಿ ಬರುವ ದಿನ ಅವರಿಗೆ ಇಡ್ಲಿ ಕೊಡಬೇಕೆಂದು ನನ್ನ ಗಂಡನಿಗೆ ಆಸೆ. ಬೆಚ್ಚಗಿನ ಜಾಗ ಇದ್ದದ್ದು ಒಂದೇ. ನನಗೆ ಹೇಳದೆ ಹಿಟ್ಟಿನ ಪಾತ್ರೆಯನ್ನೂ ಮರಿಗಳ ಡಬ್ಬದ ಮೂಲೆಯಲ್ಲೇ ಇಟ್ಟಿದ್ದ. ಆರು ಮರಿಗಳ ಶಾಖವೂ ಸೇರಿ ಹಿಟ್ಟು ಹಿಂದೆಂದೂ ಉಬ್ಬದ ಹಾಗೆ ಉಬ್ಬಿ ಚೆಲ್ಲಿತ್ತು. ಶಾಲು ತೆಗೆದರೆ ಕಂದು ಮರಿಗಳೆಲ್ಲ ಬೆಳ್ಳಗೆ! ಒಲೆಯ ಮುಂದೆ ಕೂತು ಒಂದೊಂದನ್ನೇ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿದೆವು. ಪುಣ್ಯಕ್ಕೆ ಎಲ್ಲವೂ ಗಟ್ಟಿಯಾಗಿದ್ದವು. ತಲೆಯ ಮೇಲಿನ ಬಿಳಿ ಮಾತ್ರ ಹೋಗಲಿಲ್ಲ.

ಅಜ್ಜಿ ಕೋಲೂರಿಕೊಂಡು ಗೋಡೆಯ ಬಳಿ ಬಂದರು. ಬೆರಳು ಮಾಡಿ ಒಂದೊಂದನ್ನೇ ಎಣಿಸಿದರು. ಆರು. "ಗ್ರ್ಯಾಂಡ್" ಎಂದು ಆ ಊರಿನ ಧಾಟಿಯಲ್ಲಿ ಮೆಚ್ಚಿ ನಿಟ್ಟುಸಿರು ಬಿಟ್ಟರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಮರಿಗಳ ತಲೆಯನ್ನೇ ತುಂಬಾ ಹೊತ್ತು ನೋಡಿ, ಮೆಲ್ಲಗೆ ಕೇಳಿದರು:

"ಎಲ್ಲದಕ್ಕೂ ತಲೆ ನರೆತುಬಿಟ್ಟಿದೆ. ನಿಜ ಹೇಳು ಮಗಳೇ, ನಾನು ಆಸ್ಪತ್ರೇಲಿ ಎಷ್ಟು ವರ್ಷ ಇದ್ದೆ?"